ಬಾವಿಯ ದಂಡೆಯಲ್ಲಿ ಆಡಿದ ಮಾತು

ಶಂಕರಪುರ,
ಬುಧವಾರ, 10 ನವೆಂಬರ್ 1982

ಪ್ರೀತಿಯ ಝೀಟಾ ಬಾಯೆ,

ನಿನ್ನ ಆರೋಗ್ಯ ಹೇಗುಂಟು? ಹೆರಿಗೆಯಾದ ಮೇಲೆ ನಿನಗೆ ಸೊಂಟನೋವು ಹತ್ತಿಕೊಂಡಿದೆ, ಹೊಲಿಗೆ ಮಿಷನ್ನಿನ ಮುಂದೆ ಹೆಚ್ಚು ಹೊತ್ತು ಕೂರಲು ಆಗುವುದಿಲ್ಲ ಎಂದು ಶಿರ್ವದ ಬಸ್ಸಿನಲ್ಲಿ ಸಿಕ್ಕಿದ ನಿನ್ನ ಚಿಕ್ಕಮ್ಮ ಹೇಳಿದರು. ಬಿಸಿನೀರು ಹಾಕಿಕೋ, ಅಸಡ್ಡೆ ಮಾಡಬೇಡ. ನಿನ್ನ ತಂದೆ ರೊಸಾರಿಯೊ ಅವರ ದಮ್ಮು ಈ ಚಳಿಗೆ ಏರಿಲ್ಲವಷ್ಟೆ? ಮಗು ಈಗ ನಡೆಯುತ್ತಿರಬೇಕು. ಹದಿನಾಲ್ಕು ತಿಂಗಳು ಆಯಿತು, ಅಲ್ವಾ? ಅದರ ಅಪ್ಪ, ನನ್ನ ಡೊಮಿನಿಕ್, ಹತ್ತನೇ ತಿಂಗಳಿಗೇ ನಡೆದಿದ್ದ. ನಡೆದ ಎನ್ನುವುದಕ್ಕಿಂತ ಓಡಿದ, ಓಡಿ ಬಿದ್ದ, ಬಿದ್ದು ನಕ್ಕ. ಮಗು ಹುಟ್ಟಿದಾಗ ನೀನು ಬರೆದ ಕಾಗದ ನನ್ನ ಹತ್ತಿರ ಉಂಟು. ಮೂರೇ ಸಾಲು. ಹೆಣ್ಣು ಮಗು, ಆಲಿಸ್ ಜೆರ್ಟ್ರೂಡ್ ಎಂದು ಹೆಸರಿಡುತ್ತೇವೆ, ನಾಮಕರಣಕ್ಕೆ ಬನ್ನಿ ಎಂದಿತ್ತು. ನನ್ನ ಹೆಸರನ್ನು ನಿನ್ನ ಮಗುವಿಗೆ ಇಟ್ಟೆಯಲ್ಲ, ಆ ಸಾಲನ್ನು ಓದಿ ನಾನು ಕಾಗದವನ್ನು ಮಡಚಿ ಕಪಾಟಿನಲ್ಲಿ ಬಟ್ಟೆಗಳ ಅಡಿಗೆ ಹಾಕಿಬಿಟ್ಟೆ. ಬರಲಿಲ್ಲ, ಉತ್ತರವನ್ನೂ ಬರೆಯಲಿಲ್ಲ. ಮುದುಕಿಗೆ ಮಗನ ದುಃಖ, ಸೊಸೆಯ ಮೇಲಿನ ಸಿಟ್ಟು ಇನ್ನೂ ಆರಿಲ್ಲ ಎಂದು ನಿಮ್ಮ ಮನೆಯವರು ಅಂದುಕೊಂಡಿರಬಹುದು. ಅದಲ್ಲ ಬಾಯೆ. ಯಾಕೆಂದು ನಿನಗೂ ಗೊತ್ತು, ನನಗೂ ಗೊತ್ತು. ಮನೆಯಲ್ಲಿ ಕೊಂಕಣಿ ಆಡುವ ನಾವು ಕಾಗದಕ್ಕೆ ಕೂತರೆ ಕನ್ನಡವೇ ಬರುತ್ತದೆ. ಏಳನೇ ಕ್ಲಾಸಿನ ನನ್ನ ಕನ್ನಡದಲ್ಲಿ ತಪ್ಪುಗಳಿದ್ದರೆ ಸರಿ ಮಾಡಿಕೊಂಡು ಓದು. ಆದರೆ ಈ ಕಾಗದವನ್ನು ಪೂರ್ತಿ ಓದು.

ಆ ದಿನ ಏನಾಯಿತೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಇದನ್ನು ನಿನ್ನ ತಂದೆ ಓದಬೇಕು, ನಿನ್ನ ಅಣ್ಣಂದಿರು ಓದಬೇಕು, ನಾಳೆ ಆಲಿಸ್ ದೊಡ್ಡವಳಾದ ಮೇಲೆ ಅವಳೂ ಓದಬೇಕು. ಕಳೆದ ವರ್ಷ ಈಸ್ಟರ್ ಕಳೆದು ಮೂರನೇ ದಿನ. ಬಾವಿಯ ನೀರು ತಳ ಕಂಡಿತ್ತು. ಕಾಪುವಿನ ಮದುವೆ ಮನೆಗೆ ಮಲ್ಲಿಗೆ ಕೊಡುತ್ತೇನೆಂದು ನಾನು ಮಾತು ಕೊಟ್ಟಿದ್ದೆ, ಗಿಡಗಳು ಬಾಡಿ ನಿಂತಿದ್ದವು. ಪಂಪು ಬಾಡಿಗೆಗೆ ಕೊಡುವ ಗುಣಪಾಲನ ಡೀಸೆಲ್ ಇಂಜಿನ್ನನ್ನು ತಂದು, ಹಗ್ಗ ಕಟ್ಟಿ, ಬಾವಿಯೊಳಗೆ ಅರ್ಧಕ್ಕಿಂತ ಕೆಳಗಿದ್ದ ಕಲ್ಲಿನ ಕಟ್ಟೆಯ ಮೇಲೆ ಇಳಿಸಿದ್ದೆವು. ಹೋಗುವ ಮೊದಲು ಗುಣಪಾಲ ಹೇಳಿದ್ದ, ಇಂಜಿನ್ ನಿಂತರೆ ಕೂಡಲೇ ಇಳಿಯಬೇಡಿ, ಹೊಗೆ ಬಾವಿಯೊಳಗೆ ಕೂತಿರುತ್ತದೆ, ಒಂದು ತಾಸಾದರೂ ಬಿಡಿ ಎಂದು. ಇಗರ್ಜಿಯಲ್ಲಿ ಮಧ್ಯಾಹ್ನದ ಗಂಟೆ ಬಾರಿಸಿ ಮುಗಿದಿತ್ತು. ಇಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಅರ್ಧ ಗಿಡಗಳಿಗೆ ಇನ್ನೂ ನೀರು ಬಿದ್ದಿರಲಿಲ್ಲ, ಇಂಜಿನ್ನನ್ನು ಮತ್ತೆ ಚಾಲು ಮಾಡಲು ಯಾರಾದರೂ ಕೆಳಗೆ ಇಳಿಯಬೇಕಿತ್ತು. ನೀನು ಅಡುಗೆಮನೆಯ ಬಾಗಿಲಿನಿಂದ, ಮೊದಲು ಊಟ ಮಾಡಿ, ಹೊಗೆ ಹೋಗಲಿ ಎಂದೆ. ಡೊಮಿನಿಕ್ ಸರಿ ಎಂದು ಕೈ ತೊಳೆಯಲು ತಿರುಗಿದ. ಆಗ ನಾನು ಆ ಮಾತು ಆಡಿದೆ. “ಎರಡು ನಿಮಿಷದ ಕೆಲಸ. ಹೆಂಡತಿಯ ಸೆರಗು ಹಿಡಿದು ಕೂತರೆ ಗಿಡ ಉಳಿಯುವುದಿಲ್ಲ, ಹೋಗಿ ಇಳಿ.”

ಮದುವೆ, ಗಿಡ, ಮಲ್ಲಿಗೆ, ಮಾತು ಕೊಟ್ಟದ್ದು, ಇವೆಲ್ಲ ನಿಜವೇ. ಆದರೆ ಆ ಕ್ಷಣ ನನ್ನೊಳಗೆ ಇದ್ದದ್ದು ಗಿಡದ ಚಿಂತೆಯಲ್ಲ. ಇಪ್ಪತ್ತೆಂಟು ವರ್ಷ ನಾನು ಹೇಳಿದ್ದನ್ನು ಕೇಳಿದ ಮಗ, ನೀನು ಬಂದ ಮೇಲೆ ನಿನ್ನ ಮಾತಿಗೆ ತಿರುಗಿದನಲ್ಲ ಎಂಬ ಹೊಟ್ಟೆಯುರಿ. ಅವನು ನಕ್ಕು, ಆಯಿತು ಮಾಂಯ್, ಎಂದು ಹಗ್ಗ ಹಿಡಿದು ಇಳಿದ. ಕಟ್ಟೆಯ ಮೇಲೆ ಬಗ್ಗಿದ. ಆಮೇಲೆ ಆಯಾಸವಾದವರ ಹಾಗೆ ಕೂತುಕೊಂಡ. ನಾನು ಎಂತ ಕೂತದ್ದು ಎಂದು ಕೇಳಿದೆ. ತಲೆಯೆತ್ತಿ ನನ್ನನ್ನು ನೋಡಿದ, ಏನೋ ಹೇಳಲು ಬಾಯಿ ತೆರೆದ, ಮತ್ತೆ ಪಕ್ಕಕ್ಕೆ ವಾಲಿ ನೀರಿಗೆ ಜಾರಿದ. ಅವನು ಏನು ಹೇಳಲು ಹೊರಟಿದ್ದ ಎಂಬುದು ನನಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ.

ಜನ ಬಂದರು, ಹಗ್ಗಗಳು ಬಂದವು, ಗುಣಪಾಲ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಇಳಿದು ಅವನನ್ನು ಮೇಲೆ ತಂದ. ತಂದವನೇ ಏದುಸಿರು ಬಿಡುತ್ತ ಕೇಳಿದ, ಯಾರು ಇಳಿಸಿದ್ದು, ನಾನು ಹೇಳಿದ್ದೆನಲ್ಲ ಎಂದು. ಅಂಗಳದಲ್ಲಿ ಇಪ್ಪತ್ತು ಮಂದಿ ಇದ್ದರು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದೆ, “ಹೆಂಡತಿ ಹೇಳಿದಳು. ಅಡುಗೆಗೆ ನೀರಿಲ್ಲ ಎಂದಳು.” ಝೀಟಾ, ಆ ಸುಳ್ಳನ್ನು ನಾನು ಮೊದಲೇ ಯೋಚಿಸಿ ಇಟ್ಟದ್ದಲ್ಲ. ಅದು ಬಾಯಿಯಿಂದ ತಾನಾಗಿ ಬಂತು. ಆದರೆ ಬಂದ ಮೇಲೆ ಅದನ್ನು ಹಿಂದೆ ತೆಗೆದುಕೊಳ್ಳಲಿಲ್ಲ, ಅದು ಮಾತ್ರ ನಾನು ಯೋಚಿಸಿಯೇ ಮಾಡಿದ್ದು. ನೀನು ನಾಲ್ಕು ತಿಂಗಳ ಬಸುರಿ, ಹಿಟ್ಟು ಮೆತ್ತಿದ ಕೈಯಲ್ಲಿ ಹೊಸ್ತಿಲ ಮೇಲೆ ನಿಂತಿದ್ದೆ. ನನ್ನನ್ನು ನೋಡಿದೆ. ಬಾಯಿ ಬಿಡಲಿಲ್ಲ. ಅಂದಿನಿಂದ ಊರಿನಲ್ಲಿ, ಇಗರ್ಜಿಯಲ್ಲಿ, ಮಲ್ಲಿಗೆ ಕಟ್ಟುವ ಹೆಂಗಸರ ಜಗಲಿಯಲ್ಲಿ, ಗಂಡನನ್ನು ಬಾವಿಗೆ ಇಳಿಸಿದವಳು ಎಂಬ ಹೆಸರು ನಿನಗೆ ಬಂತು. ಅವನು ಹೋಗಿ ತಿಂಗಳಾದಾಗಿನ ಪೂಜೆ ಮುಗಿಸಿ ನಿನ್ನ ತಂದೆ ನಿನ್ನನ್ನು ಕರೆದುಕೊಂಡು ಹೋಗಲು ಬಂದ ದಿನ, ಟ್ರಂಕನ್ನು ಹೊರಗೆ ಸಾಗಿಸಿದ ಮೇಲೆ ನೀನು ಒಬ್ಬಳೇ ಒಳಗೆ ಬಂದು ಹೇಳಿದ್ದು ನೆನಪುಂಟಾ? “ಮಾಂಯ್, ನಿಮಗೆ ಇನ್ನು ಇಲ್ಲಿ ಯಾರೂ ಇಲ್ಲ. ಊರಿನ ಜನರಾದರೂ ನಿಮ್ಮ ಜೊತೆ ಇರಲಿ ಎಂದು ನಾನು ಸುಮ್ಮನಿದ್ದೆ.” ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ ಮಗಾ.

ನೀನು ಹೋದ ವಾರದಿಂದ ಅದು ಶುರುವಾಯಿತು. ಬಾವಿಗೆ ಹಲಗೆ ಮುಚ್ಚಿಸಿ, ಮೇಲೆ ಕಲ್ಲು ಹೇರಿಸಿದ್ದೆ. ನೀರನ್ನು ಬೇಲಿಯಾಚೆ ರುಕಿಯಮ್ಮನ ಬಾವಿಯಿಂದ ತರುತ್ತಿದ್ದೆ. ಮಧ್ಯಾಹ್ನ ಇಗರ್ಜಿಯ ಗಂಟೆ ನಿಂತ ಮೇಲೆ, ಬಿಸಿಲಿನಲ್ಲಿ ಕಾಗೆಯೂ ಕೂಗದ ಆ ಹೊತ್ತಿನಲ್ಲಿ, ಹಲಗೆಯ ಅಡಿಯಿಂದ ಇಂಜಿನ್ನಿನ ಸದ್ದು. ತುಂಬ ದೂರದಿಂದ ಬರುವ ಹಾಗೆ, ಒಂದೇ ಸಮನೆ. ಆಮೇಲೆ ಎರಡು ಸಲ ಕೆಮ್ಮಿ ನಿಲ್ಲುತ್ತದೆ. ನಿಂತ ಮೇಲಿನ ಮೌನವೇ ನನಗೆ ಹೆಚ್ಚು ಹೆದರಿಕೆ, ಯಾಕೆಂದರೆ ಆಗ ನನ್ನ ಬಾಯಿಯೊಳಗೆ ಆ ಮಾತು ತಾನಾಗಿ ತಿರುಗುತ್ತದೆ, ಹೋಗಿ ಇಳಿ, ಹೋಗಿ ಇಳಿ ಎಂದು. ಹಲ್ಲು ಕಚ್ಚಿ ಹಿಡಿಯುತ್ತಿದ್ದೆ. ಮಳೆಗಾಲ ಬಂತು, ಸದ್ದು ನಿಲ್ಲಲಿಲ್ಲ. ಪವಿತ್ರ ನೀರು ಚಿಮುಕಿಸಿದೆ, ಹಲಗೆಯ ಮೇಲೆ ಶಿಲುಬೆ ಇಟ್ಟೆ. ಜಪಸರ ಹಿಡಿದರೆ, ನಮ್ಮ ತಪ್ಪುಗಳನ್ನು ಕ್ಷಮಿಸು ಎಂದು ಕೇಳುವಲ್ಲಿಗೆ ಬಂದಾಗ ನಾಲಿಗೆ ಏಳುವುದಿಲ್ಲ. ಭಾನುವಾರ ಪೂಜೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು, ಪರಮಪ್ರಸಾದಕ್ಕೆ ಎಲ್ಲರೂ ಎದ್ದಾಗ ನಾನು ಎದ್ದೇಳುತ್ತಿರಲಿಲ್ಲ. ಪಾಪ, ಮಗನನ್ನು ಕಳೆದುಕೊಂಡವಳು ಎಂದು ಜನ ದಾರಿ ಬಿಡುತ್ತಿದ್ದರು. ಆ ಪಾಪ ಎಂಬ ಮಾತು ನನಗೆ ಕೇಳಿಸುತ್ತಿದ್ದದ್ದೇ ಬೇರೆ ರೀತಿ.

ಕಳೆದ ತಿಂಗಳು ಒಂದು ದಿನ ತಡೆಯಲಾರದೆ ರುಕಿಯಮ್ಮನನ್ನು ಕೇಳಿದೆ. ನಿನಗೆ ಅವಳು ಗೊತ್ತಲ್ಲ, ಮಾತು ಕಡಿಮೆ, ಬಾಳೆನಾರಿನಲ್ಲಿ ಮೊಗ್ಗು ಪೋಣಿಸುತ್ತ ಇಡೀ ದಿನ ಬೇಲಿಯ ಹತ್ತಿರ ಕೂತಿರುತ್ತಾಳೆ. ಮಧ್ಯಾಹ್ನ ಇಂಜಿನ್ನಿನ ಸದ್ದು ನಿನಗೂ ಕೇಳುತ್ತದಾ ಎಂದೆ. ಅವಳು ಕೈಯಲ್ಲಿದ್ದ ನಾರನ್ನು ಕೆಳಗಿಟ್ಟಳು. “ಇಲ್ಲ ಬಾಯಮ್ಮ. ಇಂಜಿನ್ ಕೇಳುವುದಿಲ್ಲ. ಅವತ್ತು ನೀವು ಹೇಳಿದ್ದು ಕೇಳಿತ್ತು. ಅದೇ ಈಗಲೂ ಕೇಳುತ್ತದೆ.” ಮತ್ತೆ ನಾರನ್ನು ಎತ್ತಿಕೊಂಡಳು. ಒಂದೂವರೆ ವರ್ಷ ಅವಳಿಗೆ ಗೊತ್ತಿತ್ತು ಬಾಯೆ, ಆದರೂ ದಿನಾ ನನ್ನ ಕೊಡಕ್ಕೆ ನೀರು ಸೇದಿ ಕೊಡುತ್ತಿದ್ದಳು.

ಹೋದ ಮಂಗಳವಾರದ ಹಿಂದಿನ ಮಂಗಳವಾರ ಸತ್ತವರ ಹಬ್ಬ. ಗೋರಿಗಳನ್ನು ಆಶೀರ್ವದಿಸುವ ದಿನ. ಡೊಮಿನಿಕ್‌ನ ಗೋರಿಯ ಹತ್ತಿರ ನಾನು ಮಣ್ಣು ಕೊಟ್ಟ ದಿನದ ನಂತರ ಹೋದವಳಲ್ಲ, ಈ ಸಲವೂ ಸಿಮೆತ್ರಿಯ ಗೇಟಿನ ಹತ್ತಿರವೇ ನಿಂತೆ. ಅಲ್ಲಿಂದ ನೋಡಿದರೆ ಅವನ ಗೋರಿಯ ಮುಂದೆ ಗುಣಪಾಲ. ನಮ್ಮ ಮತದವನಲ್ಲ, ಮೇಣದಬತ್ತಿ ಹಚ್ಚುವುದು ಹೇಗೆಂದು ತಿಳಿಯದೆ ಗಾಳಿಗೆ ಆರಿದ್ದನ್ನು ಮತ್ತೆ ಮತ್ತೆ ಹಚ್ಚುತ್ತಿದ್ದ. ಆಚೆ ಬಂದಾಗ ನನ್ನನ್ನು ಕಂಡು ನಿಂತ. “ನನ್ನ ಇಂಜಿನ್ ಬಾಯಮ್ಮ,” ಎಂದ. ಆ ಇಂಜಿನ್ನನ್ನು ಅವನು ಆ ವಾರವೇ ಗುಜರಿಗೆ ಹಾಕಿದನಂತೆ, ಆಮೇಲೆ ಯಾರ ಬಾವಿಗೂ ಇಳಿದಿಲ್ಲವಂತೆ. ನನ್ನ ಹೊರೆಯನ್ನು ಇನ್ನೊಬ್ಬನೂ ಹೊತ್ತುಕೊಂಡು ತಿರುಗುತ್ತಿದ್ದ, ನನಗೆ ಗೊತ್ತೇ ಇರಲಿಲ್ಲ.

ಫಾದರ್ ಆ ದಿನ, ಸತ್ತ ಲಾಜರಸನನ್ನು ಯೇಸುಸ್ವಾಮಿ ಗೋರಿಯಿಂದ ಎಬ್ಬಿಸಿದ ವಿಷಯ ಹೇಳಿದರು. ಎಷ್ಟು ಸಲ ಕೇಳಿದ ಕಥೆ. ಆದರೆ ಅವರು ಎಬ್ಬಿಸಿದ್ದರ ಬಗ್ಗೆ ಹೆಚ್ಚು ಹೇಳಲಿಲ್ಲ. ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸುಸ್ವಾಮಿ ಮೊದಲು ಅತ್ತರು ಎಂದರು. ಗೋರಿಯ ಕಲ್ಲನ್ನು ಸರಿಸಿ ಎಂದಾಗ ಅವನ ಸೋದರಿ ಮಾರ್ತಾ, ಬೇಡ ಸ್ವಾಮಿ, ನಾಲ್ಕು ದಿನವಾಗಿದೆ, ವಾಸನೆ ಬರುತ್ತದೆ ಎಂದು ತಡೆದಳಲ್ಲ, ಆದರೂ ಸರಿಸಲೇಬೇಕಾಯಿತು ಎಂದರು. ಗೇಟಿನ ಕಂಬ ಹಿಡಿದುಕೊಂಡು ನಾನು ಅತ್ತೆ. ಡೊಮಿನಿಕ್ ಹೋದ ಮೇಲೆ ಮೊದಲ ಸಲ. ಅವನಿಗಾಗಿ ಅತ್ತೆನೋ ನಿನಗಾಗಿ ಅತ್ತೆನೋ ಗೊತ್ತಿಲ್ಲ. ಜನ ಹೋಗುವ ತನಕ ಕಾದು ಪಾಪನಿವೇದನೆಗೆ ಹೋದೆ. ಎಲ್ಲವನ್ನೂ ಹೇಳಿದೆ, ಹೊಟ್ಟೆಯುರಿಯನ್ನೂ ಹೇಳಿದೆ. ಫಾದರ್ ಹೇಳಿದರು, “ದೇವರು ಕ್ಷಮಿಸುತ್ತಾರೆ, ಅದರಲ್ಲಿ ಸಂಶಯ ಬೇಡ. ಆದರೆ ಆ ಹುಡುಗಿಯ ಮರ್ಯಾದೆ ನಿಮ್ಮ ಹತ್ತಿರ ಉಂಟು. ಅದನ್ನು ಅವಳಿಗೆ ಹಿಂದೆ ಕೊಡಬೇಕು. ತೆಗೆದದ್ದು ಎಲ್ಲರ ಮುಂದೆ, ಕೊಡುವುದೂ ಎಲ್ಲರ ಮುಂದೆ.” ಅಲ್ಲಿಂದ ಎದ್ದು ಮಗನ ಗೋರಿಗೆ ಹೋದೆ. ಗುಣಪಾಲನ ಬತ್ತಿ ಆರಿತ್ತು, ಹಚ್ಚಿದೆ.

ಮೊನ್ನೆ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲ ಹತ್ತಿರ ನಿಂತು ಹೇಳಿದೆ. ದೊಡ್ಡ ಸ್ವರ ಬರಲಿಲ್ಲ. ಡೊಮಿನಿಕ್‌ನನ್ನು ಬಾವಿಗೆ ಇಳಿಸಿದ್ದು ಝೀಟಾ ಅಲ್ಲ, ಅವಳು ಬೇಡವೆಂದಳು, ಇಳಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನು ಎಂದೆ. ಕೆಲವರು ನೆಲ ನೋಡಿದರು. ಕೆಲವು ಹೆಂಗಸರು ಮಕ್ಕಳ ಕೈ ಹಿಡಿದು ಬೇಗ ಹೊರಟುಹೋದರು. ಎದುರುಮನೆಯ ಮ್ಯಾಗ್ಡಲಿನ್ ಈಗ ನನ್ನ ಜೊತೆ ಮಾತಾಡುತ್ತಿಲ್ಲ. ಆಗಬೇಕಾದದ್ದೇ. ಗುಣಪಾಲನ ಮನೆಗೂ ಹೋಗಿ ಹೇಳಿದೆ. ಅವನು ಸಿಟ್ಟಾಗುತ್ತಾನೆಂದು ತಿಳಿದಿದ್ದೆ. ಅವನು ಜಗಲಿಯಲ್ಲಿ ಕೂತು ಮುಖ ಮುಚ್ಚಿಕೊಂಡ. ಮರುದಿನ ತಾನಾಗಿ ಬಂದು ಬಾವಿಯ ಕಲ್ಲನ್ನು ಇಳಿಸಿ, ಹಲಗೆಗಳನ್ನು ತೆಗೆದ. ನಾನು ದಂಡೆ ಹಿಡಿದು ಬಗ್ಗಿ ನೋಡಿದೆ. ನೀರು ಮೇಲಕ್ಕೆ ಬಂದಿದೆ, ಆ ಕಟ್ಟೆ ಕಾಣುವುದಿಲ್ಲ.

ಸದ್ದು ನಿಂತಿತು ಎಂದು ನಿನಗೆ ಸುಳ್ಳು ಬರೆಯುವುದಿಲ್ಲ. ಇವತ್ತು ಮಧ್ಯಾಹ್ನವೂ ಬಂತು, ಎರಡು ಸಲ ಕೆಮ್ಮಿತು. ಆದರೆ ಅದು ನಿಂತ ಮೇಲಿನ ಮೌನದಲ್ಲಿ ಆ ಮಾತು ತಿರುಗಲಿಲ್ಲ. ಅವನ ಹೆಸರು ಹಿಡಿದು ಪ್ರಾರ್ಥಿಸಿದೆ, ತಪ್ಪುಗಳನ್ನು ಕ್ಷಮಿಸು ಎಂಬಲ್ಲಿ ನಾಲಿಗೆ ಎದ್ದಿತು. ಡೊಮಿನಿಕ್ ದೇವರ ಹತ್ತಿರ ಬದುಕಿದ್ದಾನೆ ಎಂದು ನಾನು ಈಗ ನಂಬುತ್ತೇನೆ ಬಾಯೆ, ಬಾಯಿಪಾಠದ ನಂಬಿಕೆಯಲ್ಲ. ಒಂದು ದಿನ ಅವನ ಎದುರು ನಿಲ್ಲಬೇಕಾಗುತ್ತದೆ ಎಂದು ಹೆದರಿಕೊಂಡೇ ನಂಬುತ್ತೇನೆ. ಆ ದಿನ ಅವನು ಅರ್ಧಕ್ಕೆ ನಿಲ್ಲಿಸಿದ್ದನ್ನು ಪೂರ್ತಿ ಹೇಳುತ್ತಾನೆ, ನಾನು ಕೇಳಿಕೊಳ್ಳುತ್ತೇನೆ. ನೀನು ಕ್ಷಮಿಸಬೇಕೆಂದು ಕೇಳುವ ಮುಖ ನನಗಿಲ್ಲ. ನಿನ್ನ ಹೆಸರು ನಿನಗೆ ಹಿಂದೆ ಬರಲಿ, ಅಷ್ಟೆ.

ನಿನ್ನ ತಂದೆಗೂ ಅಣ್ಣಂದಿರಿಗೂ ನನ್ನ ನಮಸ್ಕಾರಗಳು. ಆಲಿಸ್‌ಗೆ ನನ್ನ ಆಶೀರ್ವಾದ, ಅದು ಮುಟ್ಟುವುದಾದರೆ. ದೇವರು ಒಳ್ಳೆಯದು ಮಾಡಲಿ, ದೇವ್ ಬರೆಂ ಕರುಂ.

ನಿನ್ನ ಮಾಂಯ್,
ಜೆರ್ಟ್ರೂಡ್

ಮರೆತದ್ದು: ಶನಿವಾರ ಬೆಳಗ್ಗಿನ ಬಸ್ಸಿಗೆ ಕಾರ್ಕಳಕ್ಕೆ ಬರುತ್ತೇನೆ. ನಿನ್ನ ತಂದೆಯ ಅಂಗಳದಲ್ಲಿ ನಿಂತು, ಇದರಲ್ಲಿ ಬರೆದದ್ದನ್ನು ಅವರ ಮುಂದೆ ನನ್ನ ಬಾಯಿಂದಲೇ ಹೇಳಬೇಕು. ನೀನು ಹೊರಗೆ ಬರಬೇಕೆಂದಿಲ್ಲ, ಮಗುವನ್ನು ತೋರಿಸಬೇಕೆಂದೂ ಇಲ್ಲ. ಹೇಳಿ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತೇನೆ. ಬರಬೇಡಿ ಎಂದು ಬರೆಯಲು ನಿನಗೆ ಸಮಯ ಸಿಗಬಾರದೆಂದು ಈ ಕಾಗದವನ್ನು ಬೇಕೆಂದೇ ತಡವಾಗಿ ಡಬ್ಬಿಗೆ ಹಾಕುತ್ತಿದ್ದೇನೆ. ಇದೊಂದು ತಪ್ಪನ್ನೂ ನನ್ನ ಉಳಿದ ತಪ್ಪುಗಳ ಜೊತೆ ಸೇರಿಸಿಕೋ.