ಒಂಬತ್ತು ಅಂಗುಲದ ಚಕ್ರಕ್ಕೆ ಎಷ್ಟು ಅಗಲದ ಟಯರು?

ಮಾಯೆಬಾಶಿ
ಮೇ ೧೪

ಪ್ರಿಯ ಕಿಯೊಹಾರು ಅವರಿಗೆ,

ವಾಡಿಕೆಯಂತೆ ಪತ್ರವನ್ನು ಹೂವು, ಹವೆ ಎಂದು ಶುರುಮಾಡಬೇಕಾದ ಕಡೆ ನೇರ ಟಯರಿಗೆ ಬರುತ್ತಿದ್ದೇನೆ, ಕ್ಷಮಿಸಿ. ಕಾರು ಜೋರಾಗಿ ಓಡಲು ಅದರ ತೂಕ ಇಳಿಸಬೇಕೆಂದು ನೀವು ನಿಮ್ಮ ಪಕ್ಕದ ನನ್ನ ಸೀಟನ್ನೇ ಕಿತ್ತಿರಿ, ನಾನು ಕೂಗಾಡಿದೆ, ನೀವು ಮುನಿಸಿಕೊಂಡು ನಿಮ್ಮಣ್ಣನ ಮನೆ ಸೇರಿದಿರಿ. ಮಾರನೆಯ ವಾರವೇ ನೀವು ತರಿಸಿದ್ದ ಹೊಸ ಚಕ್ರಗಳು ಬಂದವು. ಒಂದನ್ನು ಅಡುಗೆಮನೆಯಲ್ಲಿಟ್ಟು ಅಳೆದೆ, ಹತ್ತು ಅಂಗುಲ! ಇಷ್ಟು ಅಗಲಕ್ಕೆ ಎಂಥ ಟಯರು ಹಾಕುತ್ತಾರೋ ಎಂಬ ಕುತೂಹಲ ಹತ್ತಿಕೊಂಡಿತು.

ಕಾರಿನ ಸರ್ಕಾರಿ ತಪಾಸಣೆಯೂ ಈ ತಿಂಗಳೇ. ಅದಕ್ಕೆ ಸೀಟು ಇರಲೇಬೇಕಂತೆ, ಹಾಗಾಗಿ ಮತ್ತೆ ಕೂರಿಸಿದ್ದೇನೆ. ಬೇರೆ ಅರ್ಥವೇನೂ ಇಲ್ಲ.

ಟಯರ್ ಅಂಗಡಿಯ ಓಗಾತಾ ನನ್ನ ಲೆಕ್ಕ ಕೇಳಿ ನಕ್ಕರು. "ಹೊರಗಡೆಯಿಂದ ಅಳೆದ್ಯೇನಮ್ಮ? ಟಯರು ಕೂರೋ ಜಾಗ ಅಳೀಬೇಕು. ಇದು ಒಂಬತ್ತೇ." ಅಲ್ಲೇ ಕೂತಿದ್ದ ನಿಮ್ಮ ಗೆಳೆಯ ಶಿಂಗೊ, "ನೂರ ತೊಂಬತ್ತೈದು ಮಿಲಿಮೀಟರ್ ಅಗಲದ್ದನ್ನ ಎಳೆದು ಹಾಕ್ಸಿ ಅತ್ತಿಗೆ, ಏನ್ ಸ್ಟೈಲಾಗಿರತ್ತೆ ಗೊತ್ತಾ!" ಎಂದ. "ಸುಮೊ ಪೈಲ್ವಾನನಿಗೆ ಮಗು ಅಂಗಿ ತೊಡಿಸಿದ ಹಾಗಾಗಲ್ವೇನೋ?" ಎಂದೆ. ಜೋರಾಗಿ ತಿರುಗಿಸಿದರೆ ಅಂಥ ಟಯರು ಚಕ್ರದ ಅಂಚು ಬಿಟ್ಟು ಬರಬಹುದು ಎಂದು ಓಗಾತಾ ಅವನ ಬಾಯಿ ಮುಚ್ಚಿಸಿದರು.

ಇನ್ನೂರ ನಲವತ್ತೈದರ ಟಯರು ಈ ಚಕ್ರಕ್ಕೆ ಸರಿಯಾಗಿ ಕೂರುತ್ತದೆ, ಆದರೆ ಕಾರಿನ ಮೈಯಿಂದಾಚೆ ಚಾಚುತ್ತದೆ. ಹಾಗಿದ್ದರೆ ತಪಾಸಣೆಯವರು ವಾಪಸು ಕಳಿಸುತ್ತಾರೆ. ಹಾಗಾದರೆ ಯಾವುದು ಎಂದೆ. ಓಗಾತಾ ಮಡ್‌ಗಾರ್ಡಿನ ಸಂದಿಗೆ ಬೆರಳಿಟ್ಟು, "ಇದರಲ್ಲಿ ಓಡಾಡೋರು ಒಬ್ರಾ, ಇಬ್ರಾ?" ಎಂದು ಕೇಳಿದರು. ಒಬ್ಬರಾದರೆ ಇನ್ನೂರ ಮೂವತ್ತೈದು ಮಡ್‌ಗಾರ್ಡಿಗೆ ತಾಗದೆ ಹೇಗೋ ತಪ್ಪಿಸಿಕೊಳ್ಳುತ್ತದೆ. ಇಬ್ಬರು ಕೂತರೆ ಕಾರು ತಗ್ಗಿ, ಹಳ್ಳದಲ್ಲಿ ಟಯರು ಉಜ್ಜುತ್ತದೆ. ಆಗ ಇನ್ನೂರ ಇಪ್ಪತ್ತೈದೇ ಸರಿಯಂತೆ.

ಅಂಗಡಿಯ ನಡುವೆ ನನಗೆ ಅಳು ಬಂತು. ಟಯರಿನ ಅಗಲ ಕೇಳಲು ಹೋದವಳಿಗೆ, ನೀವು ಹೋದಾಗಿನಿಂದ ನಿಮ್ಮನ್ನು ಕೇಳಲಾಗದ ಪ್ರಶ್ನೆ ಎದುರಾಯಿತು. ಯಜಮಾನರನ್ನು ಕೇಳಿ ಹೇಳುತ್ತೇನೆ ಎಂದು ಬಂದುಬಿಟ್ಟೆ. ಕಾರು ನಿಮ್ಮದು, ಚಕ್ರ ನಿಮ್ಮದು. ಒಬ್ಬರೋ ಇಬ್ಬರೋ, ನೀವೇ ತಿಳಿಸಿ.

ಇಂತಿ,
ತೊಮೊಎ

ಮರೆತ ಮಾತು: ಕೇಳಿ ಹೇಳುತ್ತೇನೆ ಎಂದು ಬಂದೆ ಅಂದೆನಲ್ಲ, ಅದು ಸುಳ್ಳು. "ಇಬ್ರು" ಎಂದು ಅಲ್ಲೇ ಹೇಳಿಬಿಟ್ಟೆ, ಇನ್ನೂರ ಇಪ್ಪತ್ತೈದು ಹಾಕಿಯೂ ಆಯಿತು. ನೀವು ರೈಲಿನಲ್ಲಿ ಬನ್ನಿ. ಸ್ಟೇಷನ್ನಿಗೆ ಕಾರು ನಾನೇ ತರುತ್ತೇನೆ. ಪಕ್ಕದಲ್ಲಿ ಕೂತು ಬರುವವರು ಈ ಸಲ ನೀವು.