ಎಂಟು ಸಾಲಿನ ಪರದೆ

ಭಾನುವಾರ, ಮಧ್ಯಾಹ್ನ

ಅಕ್ಕನಿಗೆ ಗುಬ್ಬಿಯ ನಮಸ್ಕಾರಗಳು.

ಅಪ್ಪನ ಕೊನೆಯ ದಿನಗಳು ಹೇಗಿದ್ದವೆಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಹೋಗಿ ಅರ್ಧಕ್ಕೇ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಪಾರ್ಶ್ವವಾಯು ಹೊಡೆದು ಮಾತು ನಿಂತ ಮೇಲೆ ಅಪ್ಪ ತನ್ನ ಹಳೆಯ ಕಂಪ್ಯೂಟರನ್ನು ಹೊರತೆಗೆಸಿದ. ಪತ್ರಿಕೆಯಲ್ಲಿದ್ದಾಗ ಬಗಲಲ್ಲಿಟ್ಟು ತಿರುಗುತ್ತಿದ್ದನಲ್ಲ, ಎಂಟೇ ಸಾಲಿನ ಪರದೆಯದು, ಅದೇ. ಹೊಸದು ತಂದುಕೊಟ್ಟರೆ ಮುಖ ತಿರುಗಿಸಿದ. ಇನ್ನೂ ಆಡುತ್ತಿದ್ದ ಎಡಗೈಗೆ ಆ ಕೀಲಿಗಳೇ ರೂಢಿ. ಆದರೆ ಅದರ ಮೆಮೊರಿ ನಾಲ್ಕೈದು ಪುಟಕ್ಕೇ ತುಂಬಿಹೋಗುತ್ತಿತ್ತು. ಬರೆದದ್ದನ್ನು ಅಳಿಸಲು ಅಪ್ಪನಿಗೆ ಮನಸ್ಸಿಲ್ಲ. ನೋವು ಎಲ್ಲಿ ಎಂದು ಹೇಳಲೂ ಜಾಗವಿಲ್ಲದೆ ಪರದೆಯನ್ನು ಗುದ್ದುತ್ತಿದ್ದ.

ಅಂಗಡಿಯವರು ಇದಕ್ಕೆ ಮೆಮೊರಿ ಈಗ ಎಲ್ಲೂ ಸಿಗೋಲ್ಲ ಎಂದು ಕೈಚೆಲ್ಲಿದರು. ಅದನ್ನು ಮನೆಯಲ್ಲೇ ಮಾಡಬಲ್ಲವರು ಯಾರೆಂದು ನಿನಗೂ ಗೊತ್ತು. ಭಾವನನ್ನು ಕರೆದೆ. ನೀನು ಅವರನ್ನು ಬಿಟ್ಟ ದಿನವೇ ಅಪ್ಪ ಅವರಿಗೆ, ಇನ್ನು ನಮ್ಮ ಹೊಸ್ತಿಲು ತುಳಿಯಬೇಡ ಎಂದಿದ್ದ. ಆದರೂ ಬಂದರು.

ಕೆಟ್ಟುಹೋದ ಯಂತ್ರಗಳಿಂದ ಚಿಪ್‌ಗಳನ್ನು ಬಿಡಿಸಿ, ಪುಟ್ಟ ಬೋರ್ಡಿಗೆ ಕೂದಲೆಳೆಯಂಥ ತಂತಿಗಳಲ್ಲಿ ಬೆಸೆದರು. ಊಟದ ಮೇಜಿನ ತುಂಬ ಬೆಸುಗೆಯ ಹೊಗೆ. ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದ.

"ಇದನ್ನ ಹಾಕ್ಬೇಕಾದ್ರೆ ಒಳಗಿರೋದೆಲ್ಲಾ ಅಳಿಸಿಹೋಗುತ್ತೆ. ಮೊದ್ಲು ಕಾಗದಕ್ಕೆ ಇಳಿಸ್ಕೊಳ್ಳೋಣ. ನಾನು ಓದ್ತೀನಿ, ನೀನು ಬರ್ಕೋ," ಎಂದರು ಭಾವ.

ಅಪ್ಪ ಬರೆದಿದ್ದುದೆಲ್ಲ ಅವರ ಮೇಲೆಯೇ, ಅಕ್ಕ. ಹೆಂಡತಿಯನ್ನು ಮರೆತು ತಂತಿ ಬೆಸೆಯುತ್ತ ಕೂತ ಕಲ್ಲುಮನುಷ್ಯ, ನನ್ನ ಮಗಳನ್ನು ಬೀದಿಪಾಲು ಮಾಡಿದವ, ಅವಳೀಗ ಎಲ್ಲಿ ಒಬ್ಬಳೇ ಅಳುತ್ತಿದ್ದಾಳೋ ಎಂದು. ಭಾವ ಒಂದಕ್ಷರವನ್ನೂ ನುಂಗದೆ ಓದಿದರು. ನನ್ನ ಪೆನ್ನು ತಡೆದಾಗ, "ಕಟುಕ ಅಂತಿದೆ. ಬರಿ, ಬಿಡ್ಬೇಡ. ಅವರ ಮಾತು ಅವರದ್ದು," ಎಂದರು.

ಅರ್ಧವೂ ಮುಗಿದಿರಲಿಲ್ಲ. ಅಪ್ಪ ಇತ್ತ ಹೊರಳಿ ಕೈಚಾಚಿದ. ಕಂಪ್ಯೂಟರನ್ನು ಕೊಟ್ಟೆ. ಅಡಿಯಲ್ಲಿದ್ದ, ಮೆಮೊರಿಯನ್ನು ಆರಿಸುವ ಗುಂಡಿಯನ್ನು ಉಗುರಿನಿಂದ ತಾನೇ ಸರಿಸಿಬಿಟ್ಟ. ಎಲ್ಲ ಅಳಿಸಿಹೋಯಿತು. ಭಾವ ತಿರುಪು ಬಿಚ್ಚತೊಡಗಿದರು.

ಈಗ ಮೊದಲಿನ ನಾಲ್ಕು ಪಟ್ಟು ಜಾಗ. ಅಪ್ಪ ಎಡಗೈಯನ್ನು ಕೀಲಿಗಳ ಮೇಲಿಟ್ಟ. ಆಮೇಲೆ ಒಂದೊಂದೇ ಅಕ್ಷರ ಹೊಡೆದು ಪರದೆಯನ್ನು ಭಾವನ ಕಡೆ ತಿರುಗಿಸಿದ. "ಊಟ ಮಾಡ್ಕೊಂಡು ಹೋಗು." ಭಾವ ಉಂಡರು. ತಟ್ಟೆಯಿಂದ ತಲೆಯೆತ್ತಲಿಲ್ಲ.

ಅಷ್ಟೇ. ಮರುದಿನ ಬೆಳಿಗ್ಗೆ ಅಪ್ಪನಿಗೆ ಇನ್ನೊಮ್ಮೆ ಹೊಡೆಯಿತು, ಮತ್ತೆ ಬೆರಳು ಆಡಲಿಲ್ಲ. ಅಪ್ಪ ಹೋದ ದಿನ ನಿನಗಾಗಿ ಕಾದೆವು. ಭಾವ ಮುಂದೆ ನಿಂತು ಹೆಗಲು ಕೊಟ್ಟರು.

ಆರೋಗ್ಯ ನೋಡಿಕೋ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅಪ್ಪನಿಗೆ ತಿಳಿಯಿತೇ ಎಂದು ನೀನು ಕೇಳಲಿಲ್ಲ, ಆದರೆ ಅದೇ ಭಯವೆಂದು ಬಲ್ಲೆ. ಇಲ್ಲ, ತಿಳಿಯಲಿಲ್ಲ. ಈ ಪತ್ರ ಯಾರ ಮನೆಯ ವಿಳಾಸಕ್ಕೆ ಬರುತ್ತಿದೆ, ನೀನು ಯಾರಿಗಾಗಿ ಭಾವನನ್ನು ಬಿಟ್ಟುಹೋದೆ ಎಂಬುದೆಲ್ಲ ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಆ ದಿನ ಓದುವುದನ್ನು ಕೇಳಲಾರದೆ ನಾನು ಅಪ್ಪನಿಗೆ ಎಲ್ಲ ಹೇಳಿಬಿಡಲು ಎದ್ದೆ. ಭಾವ ಅಡುಗೆಮನೆಗೆ ಕರೆದೊಯ್ದು ತಡೆದರು. "ಬೇಡಮ್ಮ. ನನ್ನನ್ನ ಬೈಕೊಂಡಾದ್ರೂ ಮಗಳನ್ನ ಪ್ರೀತಿ ಮಾಡ್ತಿದ್ದಾರೆ. ಅದನ್ನ ಕಿತ್ಕೋಬೇಡ."