ಬಣ್ಣ ಹಚ್ಚಿದ ನಟ್ಟು

ಮನೆಯಿಂದ, ಹೊಲಿಗೆ ಕೋಣೆಯ ಕಿಟಕಿಯ ಪಕ್ಕ
ಮಾರ್ಚ್ ೧೧, ಬುಧವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ಐವತ್ತೈದು ದಾಟಿದವನನ್ನು ಇನ್ನೂ ಪುಟ್ಟ ಅನ್ನುತ್ತಾಳಲ್ಲ ಎಂದು ನಿನ್ನಾಕೆ ನಗಬಹುದು. ನಗಲಿ ಬಿಡು, ಎಂಟು ವರ್ಷ ದೊಡ್ಡವಳಾಗಿ ಹುಟ್ಟಿದ್ದಕ್ಕೆ ನನಗಿರುವ ಸವಲತ್ತು ಇದೊಂದೇ. ನಿನ್ನ ಬೆನ್ನು ಹೇಗಿದೆ? ಹೋದ ಕಾಗದದಲ್ಲಿ ‘ಬೆನ್ನು ಹಿಡಿದುಕೊಂಡಿದೆ’ ಎಂದು ಒಂದು ಸಾಲು ಗೀಚಿ ಸುಮ್ಮನಾದೆ. ಹಿಡಿದದ್ದು ಬಿಟ್ಟಿತೋ ಇಲ್ಲವೋ ನಾವು ಇಲ್ಲಿ ಕೂತು ಊಹಿಸಬೇಕು. ಬಿಸಿನೀರಿನ ಶಾಖ ಕೊಡು, ತಗ್ಗಿ ಭಾರ ಎತ್ತಬೇಡ. ನಾನು ಚೆನ್ನಾಗಿದ್ದೇನೆ. ಸೂಜಿಗೆ ದಾರ ಪೋಣಿಸಲು ಮಾತ್ರ ಈಗ ನಿನ್ನ ಭಾವನನ್ನು ಕರೆಯಬೇಕು, ಅವರೋ ಪೋಣಿಸಿಕೊಟ್ಟು ಇಡೀ ಉಡುಪನ್ನು ತಾವೇ ಹೊಲಿದವರ ಹಾಗೆ ಬೀಗುತ್ತಾರೆ. ಅಪ್ಪನಿಗೆ ತೊಂಬತ್ತೊಂದು ತುಂಬಿತು. ಕಿವಿ ಅರ್ಧ, ಕೋಪ ಪೂರ್ತಿ. ಕೋಲು ಹಿಡಿದು ಅಂಗಳದವರೆಗೆ ಓಡಾಡುತ್ತಾರೆ. ಅವರ ಸುದ್ದಿ ನೀನು ಯಾವತ್ತೂ ಕೇಳುವುದಿಲ್ಲ, ಆದರೂ ನಾನು ಪ್ರತಿ ಸಲ ಬರೆಯುತ್ತೇನೆ.

ಈ ಸಲ ಬರೆಯಬೇಕಾದ ಸುದ್ದಿ ಬೇರೆ ಇದೆ. ಹಿತ್ತಲ ಶೆಡ್ಡಿನ ಬಾಗಿಲು ತೆಗೆಸಿದೆವು. ಹೌದು, ನಮ್ಮ ಕಪ್ಪೆ ಕಾರನ್ನು ರಿಪೇರಿಗೆ ಬಿಚ್ಚಿಸಿದೆವು. ಮೂವತ್ತಮೂರು ವರ್ಷ ಆ ಕಾರಿನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಹೋದ ತಿಂಗಳ ಅಕಾಲ ಮಳೆಗೆ ಶೆಡ್ಡಿನ ತಗಡು ತೂತು ಬಿದ್ದು ನೀರು ಸೋರತೊಡಗಿತು. ತಗಡು ಬದಲಾಯಿಸಲು ಜನರನ್ನು ಕರೆಸೋಣವೆಂದು ನಾನು ಅಂದರೆ ಅಪ್ಪ ಪೇಪರಿನಿಂದ ತಲೆ ಎತ್ತದೆ, “ತಗಡು ಆಮೇಲೆ. ಮೊದ್ಲು ಗಾಡಿ ಬಿಚ್ಚಿಸು. ನಾನಿರೋವಾಗ್ಲೇ ಒಂದ್ಸಲ ಓಡ್ಲಿ” ಅಂದರು. ನಿನ್ನ ಭಾವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಅಪ್ಪ ಇನ್ನೊಮ್ಮೆ ಹೇಳಲಿಲ್ಲ, ನಾವೂ ಇನ್ನೊಮ್ಮೆ ಕೇಳಲಿಲ್ಲ. ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂಬ ಭಯ.

ಕೆಲಸಕ್ಕೆ ಸಿಕ್ಕವರು ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಒಬ್ಬರು. ಬೀದಿಯವರೆಲ್ಲ ಅವರನ್ನು ಕರೆಯುವುದು ನಿಧಾನಪ್ಪ ಎಂದೇ. ಹೆಸರಿಗೆ ತಕ್ಕ ಮನುಷ್ಯ. ಮೊದಲ ಮೂರು ದಿನ ಒಂದು ಸ್ಕ್ರೂವನ್ನೂ ಬಿಚ್ಚಲಿಲ್ಲ. ಸುತ್ತ ಸುತ್ತಿ ನೋಡಿದರು, ಫೋಟೋ ತೆಗೆದರು, ಮೂಸಿಯೂ ನೋಡಿದರು. ನಿನ್ನ ಭಾವ ತಡೆಯಲಾರದೆ, ಮದುವೆಗೆ ಹೆಣ್ಣು ನೋಡೋಕೂ ನಾನು ಇಷ್ಟು ಹೊತ್ತು ತಗೊಂಡಿರಲಿಲ್ಲ ಎಂದರು. ಅದಕ್ಕೆ ಅವರು ಶಾಂತವಾಗಿ, “ತಗೋಬೇಕಿತ್ತು” ಅಂದು ನನ್ನ ಕಡೆ ನೋಡಿದರು. ಅವತ್ತೇ ನನಗೆ ಆ ಮನುಷ್ಯ ಹಿಡಿಸಿಬಿಟ್ಟರು.

ಕಪ್ಪೆಯ ಅವಸ್ಥೆ ಹೇಳಿದರೆ ನಿನಗೆ ನೋವಾಗುತ್ತದೆ, ಆದರೆ ಹೇಳದೆ ಇರಲಾರೆ. ಬಾನೆಟ್ಟಿನ ಮೇಲೆ ಉಬ್ಬಿಕೊಂಡಿದ್ದ ಎರಡು ದೀಪಗಳಲ್ಲಿ ಗೋಡೆಗೆ ಬಡಿದ ಕಡೆಯದು ಇಲ್ಲ, ಒಕ್ಕಣ್ಣಿನ ಕಪ್ಪೆ. ಕೆಂಪು ಬಣ್ಣ ಸುಟ್ಟ ಇಟ್ಟಿಗೆಯ ಹಾಗಾಗಿದೆ. ಕಾಲಿಡುವ ತಳ ತುಕ್ಕು ತಿಂದು, ಕೂತು ನೋಡಿದರೆ ನೆಲ ಕಾಣುತ್ತದೆ. ನಿನ್ನ ಸೀಟಿನೊಳಗೆ ಇಲಿಗಳು ತಲೆಮಾರುಗಟ್ಟಲೆ ಸಂಸಾರ ಮಾಡಿವೆ. ಎಂಜಿನ್ ಕಚ್ಚಿಕೊಂಡು ಕೂತಿದೆ. ಅದಕ್ಕೆ ನಿಧಾನಪ್ಪ ಪ್ಲಗ್ಗುಗಳನ್ನು ತೆಗೆದು ಆ ತೂತುಗಳಲ್ಲಿ ತೆಳು ಎಣ್ಣೆ ಬಿಟ್ಟು ಹತ್ತು ದಿನ ಮುಟ್ಟಬೇಡಿ ಅಂದರು. ಬಲವಂತವಾಗಿ ತಿರುಗಿಸಿದರೆ ತಿರುಗುವುದಿಲ್ಲ, ಮುರಿಯುತ್ತದಂತೆ. ಆ ಹತ್ತು ದಿನ ನಾನು ಸುಮ್ಮನೆ ಕೂರಲಿಲ್ಲ. ಬಿಚ್ಚಿದ ಬೋಲ್ಟುಗಳು ಬೆರಕೆಯಾಗದಿರಲೆಂದು ಕತ್ತರಿಸಿ ಉಳಿದ ಬಟ್ಟೆಯಲ್ಲಿ ದಾರ ಎಳೆಯುವ ಚೀಲಗಳನ್ನು ಹೊಲಿದೆ. ಬಾಗಿಲಿನವಕ್ಕೆ ಚೌಕಳಿ, ಚಕ್ರದವಕ್ಕೆ ಗೆರೆ, ಎಂಜಿನ್ನಿಗೆ ಹೂವಿನದು. ನಲವತ್ತೊಂದು ಚೀಲ ಗೋಡೆಗೆ ನೇತುಹಾಕಿದ್ದೇನೆ. ಡಿಪೋದಲ್ಲಿ ಮೂವತ್ತು ವರ್ಷ ಇಂಥ ವೈಭವ ನೋಡಿಲ್ಲ ಎಂದು ನಿಧಾನಪ್ಪ ಕೈಮುಗಿದರು. ಅಪ್ಪ ದಿನವೂ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಪೇಪರ್ ಓದುತ್ತಾರೆ. ಒಂದು ದಿನ ಪೇಪರ್ ತಲೆಕೆಳಗಾಗಿತ್ತು, ನಾನು ಹೇಳಲಿಲ್ಲ.

ಮೊನ್ನೆ ಸೋಮವಾರ ಬ್ರೇಕಿನ ಪೈಪುಗಳ ಸರದಿ ಬಂತು. ಪುಟ್ಟಾ, ಇಲ್ಲಿಂದ ಮುಂದೆ ನೀನು ಕೂತು ಓದು.

ಅಪ್ಪನ ಪದ್ಧತಿ ನಿನಗೆ ನೆನಪಿದೆಯಲ್ಲ. ಯಾವ ನಟ್ಟನ್ನೇ ಆಗಲಿ ಬಿಗಿ ಮಾಡಿದ ಮೇಲೆ ಅದರ ಮೇಲಿಂದ ಪಕ್ಕದ ಲೋಹಕ್ಕೆ ಹಾಯುವಂತೆ ಅಮ್ಮನ ಉಗುರುಬಣ್ಣದ ಒಂದು ಗೆರೆ. ಗೆರೆ ಇದ್ದರೆ ಕೆಲಸ ಮುಗಿದಿದೆ, ಗೆರೆ ಸೀಳಿದರೆ ನಟ್ಟು ಅಲುಗಿದೆ. ಆ ಗೆರೆ ಎಳೆಯುವ ಕೆಲಸ ಎಂಟು ವರ್ಷದವಳಿದ್ದಾಗಿನಿಂದ ನನ್ನದು. ಮದುವೆಯಾಗಿ ಪಕ್ಕದ ಬೀದಿಗೆ ಹೋದ ಮೇಲೂ, ಅಮ್ಮ ತೀರಿಕೊಂಡ ಮೇಲೂ, ಅಪ್ಪ ಗಾಡಿ ಕೆಲಸಕ್ಕೆ ಇಳಿದರೆ ನನಗೆ ಕರೆ ಬರುತ್ತಿತ್ತು. ಆ ಗೆರೆಯ ಮೇಲೇ ಅಲ್ಲವೇ ನಿನ್ನ ತೀರ್ಪಾದದ್ದು? ಸ್ಕೂಲಿನ ಹಿಂದಿನ ಇಳಿಜಾರಿನಲ್ಲಿ ನೀನು ಓಡಿಸುತ್ತಿದ್ದ ಕಾರು ಗೋಡೆಗೆ ಗುದ್ದಿ, ಪಕ್ಕ ಕೂತಿದ್ದ ಅಪ್ಪನ ಮಂಡಿ ಪುಡಿಯಾದಾಗ, ಆಸ್ಪತ್ರೆಯಲ್ಲಿ ನೀನು ಹೇಳಿದ್ದು ಒಂದೇ ಮಾತು: “ಒತ್ತಿದೆ ಅಪ್ಪಾ, ಹಿಡೀಲಿಲ್ಲ.” ಅಪ್ಪ ಕೆಲಸದವರನ್ನು ಕಳಿಸಿ ನೋಡಿಸಿದರು, ಬ್ರೇಕ್ ಪೈಪಿನ ನಾಲ್ಕು ನಟ್ಟಿನ ಮೇಲೂ ಬಣ್ಣ ಇದೆ ಎಂದು ಅವರು ಬಂದು ಹೇಳಿದರು. ಆಮೇಲೆ ಅಪ್ಪ ಅಂದದ್ದು ನಿನಗೆ ನಾನು ನೆನಪಿಸಬೇಕಾಗಿಲ್ಲ. “ಬಣ್ಣ ಹಚ್ಚಿದ ನಟ್ಟು ಸಡಿಲ ಆಗಲ್ಲ. ನಿನ್ನ ಕಾಲೇ ಸಡಿಲ.” ನೀನು ವೇಗದ ಹುಚ್ಚಿನಲ್ಲಿ ಬ್ರೇಕು ಒತ್ತಲೇ ಇಲ್ಲ, ಮೇಲೆ ಸುಳ್ಳು ಹೇಳಿದೆ ಎಂದು ಇಡೀ ಮನೆ ನಂಬಿತು. ಆ ವಾರವೇ ನೀನು ಮನೆ ಬಿಟ್ಟು ಹೊರಟೆ.

ಸೋಮವಾರ ನಿಧಾನಪ್ಪ ಕಾರಿನಡಿ ಮಲಗಿ ನನ್ನನ್ನು ಕರೆದರು. ಟಾರ್ಚು ಹಿಡಿದು ಬಗ್ಗಿದೆ. ಮೂರು ನಟ್ಟುಗಳು ತುಕ್ಕು ಹಿಡಿದು, ಹಿಂದಿನ ದಿನವೇ ಎಣ್ಣೆ ಕುಡಿಸಿಟ್ಟಿದ್ದರೂ ಜಗ್ಗಿರಲಿಲ್ಲ. ನಾಲ್ಕನೆಯದು, ಮುಂದಿನ ಎಡ ಚಕ್ರದ ಹತ್ತಿರದ್ದು, ಜಿಡ್ಡಿನ ಕೊಳೆಯೊಳಗೆ ಹೂತಿತ್ತು. ಅವರು ಒರೆಸಿದರು. ಗೆರೆ ಸೀಳಿರಲಿಲ್ಲ, ಹೊಸದರಂತೆ ಕೆಂಪಗಿತ್ತು. ಆಮೇಲೆ ಎರಡು ಬೆರಳಿಟ್ಟು ತಿರುಗಿಸಿದರು. ತಿರುಗಿತು. “ಬಿಗಿ ಮಾಡಿದ್ಮೇಲೆ ಸಡಿಲ ಆಗಿದ್ರೆ ಬಣ್ಣ ಸೀಳಿರ್ಬೇಕಿತ್ತು, ಅಮ್ಮಾ. ಇದಕ್ಕೆ ಸ್ಪ್ಯಾನರ್ರೇ ಬಿದ್ದಿಲ್ಲ. ಬ್ರೇಕ್ ಒತ್ತಿದಾಗೆಲ್ಲ ಇಲ್ಲಿಂದ ಆಯಿಲ್ ಚೆಲ್ಲಿದೆ. ಓಡಿಸ್ತಿದ್ದವರು ಎಷ್ಟು ಒತ್ತಿದ್ರೂ ಅಷ್ಟೆ” ಅಂದರು. ಅವರಿಗೆ ನಮ್ಮ ಮನೆಯ ಕಥೆ ಏನೂ ಗೊತ್ತಿಲ್ಲ. ಸುಮ್ಮನೆ ಕಂಡದ್ದನ್ನು ಹೇಳಿದರು. ನಾನು ಟಾರ್ಚನ್ನು ನೆಲದ ಮೇಲಿಟ್ಟು ಎದ್ದೆ.

ಮೂವತ್ತಮೂರು ವರ್ಷದ ಹಿಂದೆ, ಅಪ್ಪ ಆ ಬ್ರೇಕಿನ ಕೆಲಸಕ್ಕೆ ಕೂತ ದಿನ, ಸಂಜೆಯೊಳಗೆ ನಾನು ಹನ್ನೆರಡು ಯೂನಿಫಾರಂ ಹೊಲಿದು ಕೊಡಬೇಕಿತ್ತು, ನನ್ನ ತಲೆಯೆಲ್ಲ ಗುಂಡಿ ಕಾಜಿನಲ್ಲಿತ್ತು. ಅಪ್ಪ ‘ಮೂರು ಬಿಗಿಯಾಯ್ತು, ಇನ್ನೊಂದಿದೆ’ ಎನ್ನುತ್ತ ಗೇಟಿನಲ್ಲಿ ಯಾರೋ ಕರೆದರೆಂದು ಎದ್ದುಹೋದರು. ನಾನು ನಾಲ್ಕಕ್ಕೂ ಗೆರೆ ಎಳೆದು ಬಾಟಲಿಯ ಮುಚ್ಚಳ ತಿರುಗಿಸಿ ಹೊರಟೆ. ಬಂದ ಮೇಲೆ ಬಿಗಿ ಮಾಡೇ ಮಾಡುತ್ತಾರಲ್ಲ ಎಂದುಕೊಂಡೆ. ಅವರು ಬಂದರು, ನಾಲ್ಕು ಗೆರೆ ನೋಡಿದರು, ಮುಗಿಯಿತೆಂದು ಸ್ಪ್ಯಾನರ್ ಎತ್ತಿಟ್ಟರು. ನನ್ನ ಗೆರೆಯನ್ನು ಅವರು ಅಷ್ಟು ನಂಬಿದ್ದರು. ಇದನ್ನು ನಾನು ಮರೆತಿದ್ದೆ ಎಂದು ಬರೆದರೆ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆಸ್ಪತ್ರೆಯಲ್ಲಿ ಫ್ಲಾಸ್ಕು ಹಿಡಿದು ನಿಂತಾಗ ನಾಲ್ಕನೆಯ ನಟ್ಟು ಒಮ್ಮೆ ಕಣ್ಣ ಮುಂದೆ ಬಂದಿತ್ತು. ಅಪ್ಪ ಬಿಗಿ ಮಾಡಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ತಳ್ಳಿಬಿಟ್ಟೆ. ಕೇಳಿದ್ದರೆ ಒಂದು ನಿಮಿಷದ ಮಾತು. ಕೇಳಲಿಲ್ಲ. ಆಮೇಲೆ ಕೇಳದೆ ಇರುವುದೇ ಅಭ್ಯಾಸವಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ, ನಿನ್ನದು ಒಂದು ನಟ್ಟಿಗೆ ಹೋಯಿತು, ಅದೂ ನನ್ನ ಕೈಯಿಂದ. ಆ ದಿನದಿಂದ ನೀನು ಯಾವ ಗಾಡಿಯ ಸ್ಟೀರಿಂಗೂ ಹಿಡಿದಿಲ್ಲವೆಂದು ನಿನ್ನಾಕೆ ಒಮ್ಮೆ ಬರೆದಿದ್ದಳು. ಒಂದು ವೇಳೆ ನಿನ್ನ ಕಾಲನ್ನೇ ನೀನು ಅನುಮಾನಿಸಿಕೊಂಡು ಬದುಕಿದ್ದರೆ, ಪುಟ್ಟಾ, ಇವತ್ತಿಗೆ ಅದನ್ನು ಬಿಟ್ಟುಬಿಡು. ನೀನು ಒತ್ತಿದ್ದೆ.

ಕ್ಷಮಿಸು ಎಂದು ಬರೆಯಲು ಕೂತೆ, ಆ ಪದ ತೀರ ಸಣ್ಣದಾಗಿ ಕಂಡಿತು. ಮೊದಲು ನಿನಗೆ ಹೇಳಬೇಕು ಅನ್ನಿಸಿತು, ಹೇಳಿದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಎರಡು ದಿನದಿಂದ ನಿಧಾನಪ್ಪನ ಬಾಯಿಯನ್ನೂ ಕಟ್ಟಿ ಹಾಕಿದ್ದೇನೆ, ಶೆಡ್ಡಿಗೆ ಬೀಗ ಹಾಕಿದ್ದೇನೆ. ತೊಂಬತ್ತೊಂದರ ಜೀವ, ಮಗನನ್ನು ಸುಮ್ಮನೆ ಕಳೆದುಕೊಂಡೆ ಎಂದು ತಿಳಿದು ತಡೆದುಕೊಳ್ಳುತ್ತದೋ ಇಲ್ಲವೋ. ನಿನ್ನ ಭಾವ, ಹೇಳಬೇಡ, ಈಗ ಯಾಕೆ ಅನ್ನುತ್ತಾರೆ. ಆದರೆ ಹೇಳದೆ ಇದ್ದು ಈ ಮನೆ ಏನು ಗಳಿಸಿತೆಂದು ನನಗೆ ಗೊತ್ತು. ನಾಳೆ ಬೆಳಿಗ್ಗೆ ತಿಂಡಿಯಾದ ಮೇಲೆ ಹೇಳುತ್ತೇನೆ.

ನಿನ್ನಾಕೆಗೆ, ಮಕ್ಕಳಿಗೆ ನನ್ನ ಪ್ರೀತಿ ತಿಳಿಸು. ನಿನ್ನ ಬೆನ್ನು ನೆಟ್ಟಗಾಗಲಿ, ನೀನು ಮಲಗಿದಾಗ ನಿದ್ದೆ ಬರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ಮಾಡುವ ಯೋಗ್ಯತೆ ಇವತ್ತು ನನಗಿಲ್ಲ.

ಇಂತು ನಿನ್ನ
ಅಕ್ಕ

ಇನ್ನೊಂದು ಮಾತು, ಗುರುವಾರ: ಅಂಚೆಗೆ ಹೊರಟ ನಿಧಾನಪ್ಪ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಹೇಳಿದೆ. ಅಪ್ಪ ನನ್ನನ್ನು ಬೈಯಲಿಲ್ಲ. ಕೋಲಿನ ಹಿಡಿ ಸವರುತ್ತ, “ನೀನು ಬಣ್ಣ ಹಚ್ಚಿದೆ. ಮುಟ್ಟಿ ನೋಡೋದು ನನ್ನ ಕೆಲಸ. ಮುಟ್ಟಲಿಲ್ಲ” ಅಂದರು. ಕೋಲನ್ನು ಗೋಡೆಗೆ ಒರಗಿಸಿ, “ಅವನು ಒತ್ತಿದೆ ಅಂದಿದ್ದ” ಅಂದರು. ಆಮೇಲೆ ಈ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಓದದೆ ಮಡಿಚಿ, ಕವರು ಮತ್ತು ಪೆನ್ನು ಕೇಳಿದರು. ನಿನ್ನ ವಿಳಾಸದ ಪುಸ್ತಕ ತರಲು ನಾನು ಒಳಗೆ ಹೋದೆ. ಬರುವಷ್ಟರಲ್ಲಿ ಅವರು ಕವರಿನ ಮೇಲೆ ನಿನ್ನ ವಿಳಾಸ ಬರೆದು ಮುಗಿಸಿದ್ದರು. ಮನೆ ನಂಬರು, ಅಡ್ಡರಸ್ತೆ, ಪಿನ್ ಕೋಡು, ಒಂದೂ ತಪ್ಪಿಲ್ಲ, ಪುಟ್ಟಾ.